ವಾಲ್ವಿನೊಳಗಿನ ಉಸಿರು

ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಹಿಡಿದ ಮಳೆ ಗಾಜಿಪುರದ ಓಣಿಯನ್ನು ಹಳ್ಳ ಮಾಡಿಬಿಟ್ಟಿತ್ತು. ಸೂಪರ್ ಮಾರ್ಕೆಟ್ ಕಡೆಯಿಂದ ಬಂದ ಆಟೋಗಳು ಓಣಿಯ ಬಾಯಲ್ಲೇ ನಿಂತುಬಿಡುತ್ತಿದ್ದವು. ಇಳಿದವರು ಚಪ್ಪಲಿ ಕೈಯಲ್ಲಿ ಹಿಡಿದು ಮೊಳಕಾಲಮಟ್ಟ ನೀರಿನಲ್ಲಿ ನಡೆದು ಬರಬೇಕು. ಅಂಥ ಮಳೆಯಲ್ಲೂ ಸರ್ಫರಾಜನ ರೇಡಿಯೋ ರಿಪೇರಿ ಅಂಗಡಿಯ ಬುಧವಾರದ ಬೈಠಕ್ ತಪ್ಪಲಿಲ್ಲ.

ಆ ಬೈಠಕ್ಕಿನಲ್ಲಿ ಇಸ್ಪೀಟಿಲ್ಲ, ರಾಜಕಾರಣವಿಲ್ಲ. ಸರ್ಫರಾಜ್ ತನ್ನ ಕೈಯಾರೆ ಕಟ್ಟಿದ ಒಂದು ಆಂಪ್ಲಿಫೈಯರ್ ಇತ್ತು. ಊಟದ ಡಬ್ಬಿಯಷ್ಟು ದೊಡ್ಡದು, ನೆತ್ತಿಯ ಮೇಲೆ ಬೆರಳುದ್ದದ ಗಾಜಿನ ವಾಲ್ವ್, ಮುಂದೆ ಹೆಡ್‌ಫೋನ್ ಸಿಕ್ಕಿಸುವ ತೂತು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅದೇ ವಾಲ್ವ್. ಒಂದನ್ನು ಕಿತ್ತು ಇನ್ನೊಂದನ್ನು ಕೂಡಿಸಿದರೆ ಅದೇ ಹಾಡಿನ ಬಣ್ಣ ಬೇರೆಯಾಗುತ್ತದೆ. ರಷ್ಯಾದ ವಾಲ್ವಿನಲ್ಲಿ ತಬಲಾ ಎದ್ದು ಬರುತ್ತದೆ, ಚೀನಾದ್ದು ತಗಡು ಬಡಿದ ಹಾಗೆ, ಜರ್ಮನಿಯದು ಗಂಭೀರ ಎಂದು ಇವರು ವಾದ ಮಾಡುತ್ತ, ಚಹಾ ಕುಡಿಯುತ್ತ ಕೂಡುವರು.

ಹೋಲಿಸಿ ನೋಡುವುದಕ್ಕೆ ಸರ್ಫರಾಜ್ ಒಂದು ನೇಮ ಮಾಡಿದ್ದ. ಎಲ್ಲ ವಾಲ್ವಿಗೂ ಒಂದೇ ಠುಮರಿ. ಮೊದಲ ನುಡಿ ಮುಗಿದು ಹಾಡುವಾಕೆ ಮುಂದಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಟಕ್ಕೆಂದು ಬಂದ್. ವಾಲ್ವ್ ಆರಿದ ಮೇಲೆ ಅದನ್ನು ಕಿತ್ತು ಇನ್ನೊಂದು. ಹಾಡು ಪೂರ್ತಿ ಕೇಳಿದರೆ ಕಿವಿ ಹಾಡಿಗೆ ಸೋತುಬಿಡುತ್ತದೆ, ವಾಲ್ವಿನ ಗುಣ ತಿಳಿಯುವುದಿಲ್ಲ ಎಂಬುದು ಅವನ ವಾದ.

ಈಚೆಗೆ ಆ ವಾದವನ್ನೂ ಅವನು ಪೂರ್ತಿ ಹೇಳಲಾರದವನಾಗಿದ್ದ. ಮಾತಾಡುತ್ತ ಮಾತಾಡುತ್ತ ಕೊನೆಯ ಒಂದು ಶಬ್ದ ಬರುತ್ತಲೇ ಇರಲಿಲ್ಲ. ಬಾಯಿ ಆಡುತ್ತಿತ್ತು, ದನಿ ಇಲ್ಲ. ಸೇಡಂ ರಸ್ತೆಯ ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ಇಲ್ಲ, ಮದುವೆಯ ಗಾಬರಿ ಎಂದು ನಕ್ಕು ಕಳಿಸಿದ್ದರು. ಶುಕ್ರವಾರ ಜುಮ್ಮಾ ಆದ ಮೇಲೆ ಅಫ್ರೀನ್‌ಳೊಂದಿಗೆ ಅವನ ನಿಕಾಹ್. ತಾಯಿ ನೂರಜಹಾನ್ ಬೆಳಿಗ್ಗೆಯಿಂದ ಅವನನ್ನು ಕೂಡಿಸಿ ಒಪ್ಪಿಗೆಯ "ಕುಬೂಲ್ ಹೈ" ಅನ್ನಿಸಲು ನೋಡಿ ಸೋತಿದ್ದಳು. "ಕುಬೂಲ್" ಅನ್ನುವನು, ಅಲ್ಲಿಗೇ ನಿಲ್ಲುವನು. ತುಂಬಿದ ಸಭೆಯಲ್ಲಿ ಖಾಜಿ ಕಿವಿಗೊಟ್ಟು ಕೂತಾಗ ಹುಡುಗ ಹೀಗೆ ನಿಂತರೆ ಹೆಣ್ಣಿನವರು ಎದ್ದು ಹೋಗುವುದಿಲ್ಲವೆ?

"ಜುಮ್ಮೆ ಕು ನಿಕಾಹ್ ಹೈ, ಇನೆ ಬಾತ್ ಪೂರಿ ನೈ ಕರ್ತಾ," ಶುಕ್ರವಾರ ನಿಕಾಹ್, ಇವನು ಮಾತೇ ಪೂರ್ತಿ ಮಾಡುವುದಿಲ್ಲ ಎಂದು ಆಕೆ ಒಳಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಂದು ಮಳೆಗೆ ಹೆದರದೆ ಬಂದವರು ಇಬ್ಬರು. ಒಬ್ಬರು ವಿವೇಕಾನಂದ, ಸೇಡಂ ರಸ್ತೆಯಲ್ಲಿ ದೊಡ್ಡ ಮನೆ, ಕಮಲಾಪುರದಲ್ಲಿ ಬಾಳೆಯ ತೋಟ. ಬರುವಾಗ ತೋಟದ ಕೆಂಪು ಬಾಳೆಯ ಒಂದು ಗೊನೆಯನ್ನೇ ಡ್ರೈವರನ ಕೈಯಲ್ಲಿ ಹೊರಿಸಿಕೊಂಡು ಬಂದಿದ್ದರು. ಇನ್ನೊಬ್ಬಳು ಪಂಚಶೀಲಾ, ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಹಾಡಿನ ಹುಚ್ಚಿ. ಅವಳು ತನ್ನ ತಂದೆಯ ಸೋದರತ್ತೆ ಹಣಮಮ್ಮನನ್ನು ಕಮಲಾಪುರದಿಂದ ಕರೆಸಿ, ಕೈಹಿಡಿದು ನೀರು ದಾಟಿಸಿಕೊಂಡು ಬಂದಿದ್ದಳು. ಕಾರಣವೂ ಇತ್ತು. ಹೋದ ಬುಧವಾರ ಸರ್ಫರಾಜ್ ಗುಜರಿಯಲ್ಲಿ ಸಿಕ್ಕ ಒಂದು ಹೊಸ ವಾಲ್ವ್ ಕೇಳಿಸಿದ್ದ. ಹೆಸರು ಅಳಿಸಿಹೋದ, ಹೊಗೆ ಹಿಡಿದ ವಾಲ್ವ್. ಅದರಲ್ಲಿ ಠುಮರಿಯ ಹಿಂದೆ ಬೇರೆ ಯಾವುದೋ ಧಾಟಿಯ ಗುನುಗು ಅವಳಿಗೆ ಕೇಳಿಸಿತ್ತು. ಆ ಧಾಟಿಯನ್ನು ಅವಳು ರೊಟ್ಟಿ ಬಡಿಯುವಾಗ ಹಣಮಮ್ಮನ ಬಾಯಲ್ಲಲ್ಲದೆ ಬೇರೆಲ್ಲೂ ಕೇಳಿರಲಿಲ್ಲ.

"ನಮ್ಮ ತ್ವಾಟದಾಗ ಒಂದು ಖೋಲಿ ಕಟ್ಟಿಸೀನ್ರಿ, ಹಾಡು ಕೇಳ್ಲಿಕ್ಕಂತಾನೇ," ವಿವೇಕಾನಂದ ಹೇಳುತ್ತಿದ್ದರು. "ಹಳೇ ಬೇವಿನ ಗಿಡದ ಬಾಜೂಕ. ಎಂಥಾ ಶಾಂತ ಅಂತೀರಿ! ಖರೆ, ಆಂಪ್ಲಿಫೈಯರ್ ಹಚ್ಚಿದ್ರ ಗುಂಯ್ ಅಂತ ಒಂದು ಆವಾಜ ಬರ್ತದ. ಅರ್ಥಿಂಗಿನ ಸಲಾಕಿ ಎಲ್ಲೆಲ್ಲಿ ಹೂಳಿಸಿದ್ರೂ ಹೋಗವಲ್ದು. ಭೂಮಿಯಿಂದಾನೇ ಬರ್ತದ ಅನಸ್ತದ. ಸರ್ಫರಾಜ್, ನೀ ಒಮ್ಮೆ ಬಂದು ನೋಡಬೇಕಪಾ."

"ನೋಡ್ತೀನ್ರಿ, ಮದುವಿ ಆದಮ್ಯಾಲ ಖಂಡಿತ…" ಎಂದು ಸರ್ಫರಾಜ್ ಅಲ್ಲಿಗೇ ನಿಂತ. 'ಬರ್ತೀನಿ' ಎಂಬುದು ಗಂಟಲಲ್ಲೇ ಉಳಿಯಿತು.

ಹಣಮಮ್ಮನ ತಲೆಗೆ ಪಂಚಶೀಲಾ ಹೆಡ್‌ಫೋನ್ ಹಾಕಿದಳು. ಸರ್ಫರಾಜ್ ಗುಜರಿಯ ವಾಲ್ವ್ ಕೂಡಿಸಿದ. ಅದು ನಿಧಾನ ಕೆಂಪಾಯಿತು. ಮುದುಕಿ ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ಸೆರಗು ಬಿಗಿಹಿಡಿದಳು.

"ಈ ವಾಲ್ವಿಂದು ಏನು ಹೇಳಲಿ," ವಿವೇಕಾನಂದ ಬಾಳೆಹಣ್ಣು ಸುಲಿಯುತ್ತ ಹೇಳಿದರು. "ಹಾಡೋರ ಉಸಿರು ಸೈತ ಕೇಳಸ್ತದ. ಅಷ್ಟು ಮಧುರ! ಜರ್ಮನಿದು ಇದರ ಕಾಲಾಗ ನುಸೀಬೇಕು."

ಮೊದಲ ನುಡಿ ಮುಗಿಯಿತು. ಸರ್ಫರಾಜನ ಕೈ ರೂಢಿಯಂತೆ ಟಕ್ಕೆಂದು ಬಂದ್ ಮಾಡಿತು.

ಹಣಮಮ್ಮ ಹೆಡ್‌ಫೋನ್ ಕಿತ್ತು ತೊಡೆಯ ಮೇಲೆ ಬಡಿದಳು.

"ಯಾಕ ಬಂದ್ ಮಾಡ್ದಿ? ಆಂ? ಯಾಕ ಬಂದ್ ಮಾಡ್ದಿ ನೀನು? ನಿನ್ನ ಕೈ ಸೇದಿ ಹೋಗ್ಲಿ! ಆಕಿ ಉಸಿರು ತಗೊಂಡಿದ್ಳು!"

ಯಾರಿಗೂ ಏನೂ ತಿಳಿಯಲಿಲ್ಲ. ವಿವೇಕಾನಂದ ಸಮಾಧಾನ ಮಾಡುವವರಂತೆ ಒಂದು ಹಣ್ಣು ಮುಂದೆ ಹಿಡಿದರು. "ತಗೋರಿ ಅಮ್ಮಾ, ನಮ್ಮ ತ್ವಾಟದ್ದೇ. ನಿಮ್ಮ ಊರಿಂದೇ."

ಹಣಮಮ್ಮ ಹಣ್ಣನ್ನು ನೋಡಿದಳು, ಕೊಟ್ಟವರ ಮುಖವನ್ನು ನೋಡಿದಳು. "ಕಮಲಾಪುರದಾಗ ಯಾರ ಪೈಕಿರೀ ನೀವು?"

"ಬಾಳಿತ್ವಾಟದ ಸಾವ್ಕಾರ ಅಂತಿದ್ರಲ್ರೀ, ಅವರ ಮೊಮ್ಮಗ."

ಮುದುಕಿ ಹಣ್ಣು ಮುಟ್ಟಲಿಲ್ಲ. ಒದ್ದೆಯಾದ ಸೆರಗನ್ನು ತಲೆತುಂಬ ಎಳೆದುಕೊಂಡು, ಚಾಪೆಯ ಮೇಲೆ ಕಾಲು ಮಡಚಿ ಕೂತಳು. ಹೊರಗೆ ತಗಡಿನ ಮೇಲೆ ಮಳೆ ಜೋರಾಯಿತು. ನೂರಜಹಾನ್ ಒಳಬಾಗಿಲು ಬಿಟ್ಟು ಹತ್ತಿರ ಬಂದು ಕೂತಳು.

"ಬರೋಬರಿ ಆತು," ಎಂದಳು ಹಣಮಮ್ಮ. "ನೀವೂ ಕೂಡ್ರಿ ಸಾವ್ಕಾರ. ಎದ್ದು ಹೋಗಬ್ಯಾಡ್ರಿ. ಮಳಿ ನಿಮ್ಮನ್ನೂ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ. ಆ ಹಾಡೀಗ ಹಚ್ಚಬ್ಯಾಡ್ರಿ. ಮೊದಲ ನಂದು ಕೇಳ್ರಿ.

"ಉಸಿರು ಕೇಳಸ್ತದಂತ! ಮಧುರ ಅದಂತ! ಯಾರ ಉಸಿರು ಅಂತ ಯಾರರೆ ಒಬ್ಬರು ಕೇಳಿದ್ರೇನು? ನಿಮಗ ಜರ್ಮನಿ, ರಷ್ಯಾ ಎಲ್ಲಾ ಗೊತ್ತದ, ಬಾಜೂಕಿನ ಕಮಲಾಪುರ ಗೊತ್ತಿಲ್ಲ. ಬೆಕ್ಕಿಗಿ ಚೆಲ್ಲಾಟ ಇಲಿಗಿ ಪ್ರಾಣಸಂಕಟ ಅಂತಾರ, ಖರೇ ಅದ. ಆ ಉಸಿರು ನಮ್ಮ ವೈನಿದು. ತಾರಾಬಾಯಿದು. ನಮ್ಮ ಅಣ್ಣ ಮಾಪಣ್ಣನ ಹೆಂಡತಿ. ಈ ಪಂಚಶೀಲಾನ ಅಪ್ಪನ ಹೆತ್ತವ್ವ… ಮುಖ ನೋಡಿದ್ರ ಆಕೀನೇ ಕುಂತಂಗ ಕಾಣಸ್ತಾಳ ಈ ಹುಡುಗಿ.

"ನಮ್ಮ ಅಣ್ಣ ಬಾವಿ ತೋಡೋ ಕೆಲಸಕ್ಕ ಹೋಗ್ತಿದ್ದ. ಎಮರ್ಜೆನ್ಸಿ ಮುಗಿದ ಮರುವರ್ಷ. ಬಾಳಿತ್ವಾಟದ ಸಾವ್ಕಾರ ಹಳೇ ಬಾವಿ ಆಳ ಮಾಡಸ್ಲಾಕತ್ತಿದ್ದ. ಒಂದಿನ ಮುಂಜಾನಿ ರೊಟ್ಟಿ ಕಟ್ಕೊಂಡು ಹ್ವಾದ ಅಣ್ಣ… ಹ್ವಾದ. ಸಂಜಿಗಿ ಬರ್ಲಿಲ್ಲ. ಮರುದಿನ ಬರ್ಲಿಲ್ಲ. ಸಾವ್ಕಾರನ ಮನೀಗಿ ಹೋಗಿ ಕೇಳಿದ್ರ ಏನಂತಾನ ಗೊತ್ತದೇನ್ರಿ? 'ಮಾಪಣ್ಣ ಸೊಲ್ಲಾಪುರಕ್ಕ ಓಡಿ ಹೋಗ್ಯಾನ, ಅಲ್ಲಿ ಮಿಲ್ಲಿನ್ಯಾಗ ಒಬ್ಬಾಕಿನ್ನ ಇಟ್ಕೊಂಡಾನ.' ನೋಡ್ರಿ ನಾಲಿಗಿ! ಎದಿಹಾಲು ಕುಡಿಯೋ ಕೂಸು ಬಿಟ್ಟು ನಮ್ಮ ಅಣ್ಣ ಓಡಿ ಹೋಗಾವನು? ಹೆಂಡತಿ ತಲಿಗಿ ಹೂವು ತರ್ಲಾರದ ಮನೀಗಿ ಬರದವನು? ಸಂಗಾಟ ಬಾವ್ಯಾಗ ಇಳಿದ ಆಳು ಎಲ್ಲಾ ತೆಲಂಗಾಣ ಕಡೆಯವ್ರು, ರಾತ್ರೋರಾತ್ರಿ ಊರು ಬಿಟ್ಟಿದ್ರು. ಆ ವರ್ಷ ಸಾವ್ಕಾರ ತ್ವಾಟದಾಗಿನ ಹಳೇ ಬಾವಿ ಎಲ್ಲಾ ಮುಚ್ಚಿಸಿದ, ಬೋರ್ ಹಾಕಸ್ತೀನಿ ಅಂದ. ಯಾವ ಬಾವಿ ಅಂತ ಕೇಳೋದು? ಯಾವ ಮಣ್ಣು ಕೆದರೋದು? ತ್ವಾಟದ ಬೇಲಿ ದಾಟಾಕ ನಮ್ಮನ್ನ ಬಿಟ್ರಲ್ಲಾ?

"ಊರು ಏನಂತು? ಊರು ಸಾವ್ಕಾರ ಹೇಳಿದ್ದೇ ಅಂತು. ಆ ಕೂಸು ಬೆಳೆದು ಸಾಲಿಗಿ ಹ್ವಾದ್ರ 'ಓಡಿ ಹ್ವಾದವನ ಮಗ' ಅಂತ ಕರೆದ್ರು. ಲಗ್ನಕ್ಕ ಹೆಣ್ಣು ಕೇಳಾಕ ಹ್ವಾದ್ರ 'ಅಪ್ಪನಂಗ ಮಗಾನೂ ಓಡಿ ಹ್ವಾದ್ರ?' ಅಂದ್ರು. ಸತ್ತವ್ನಿಗಿ ಒಂದು ಹಿಡಿ ಮಣ್ಣಿಲ್ಲ, ಮ್ಯಾಲ ಈ ಕಳಂಕ. ಹೊಟ್ಟಿ ಉರೀತದ್ರಿ… ಇವತ್ತಿಗೂ ಉರೀತದ.

"ನಮ್ಮ ವೈನಿ ಅತ್ಲು, ಸುಮ್ಮಾದ್ಳು. ದಿನಾ ಹುಲ್ಲಿನ ಹೊರಿ ನೆಪ ಮಾಡ್ಕೊಂಡು ತ್ವಾಟದ ಸುತ್ತ ಹಾಯ್ತಿದ್ಳು. ಒಂದಿನ ಬಂದ್ಳು, ಮುಖ ಕಪ್ಪಿಟ್ಟಿತ್ತು. 'ಹಣಮಿ, ನಿಮ್ಮಣ್ಣ ಎಲ್ಲಿ ಮಲಗ್ಯಾನ ನಂಗ ಸಿಕ್ತು' ಅಂದ್ಳು. ಎಲ್ಲಿ ವೈನಿ ಅಂದೆ. ಹೇಳ್ಲಿಲ್ಲ. 'ನಿನ್ನೊಬ್ಬಾಕಿಗಿ ಹೇಳಿದ್ರ ನಿನ್ನೂ ಹೂಳ್ತಾರ. ಊರಿಗೆಲ್ಲ ಒಮ್ಮೆಲೇ ಹೇಳಬೇಕು. ಊರನ್ನೆಲ್ಲ ಹೂಳಾಕ ಆಗಂಗಿಲ್ಲ' ಅಂದ್ಳು. ಎಂಥಾ ಶ್ಯಾಣ್ಯಾ ಹೆಣ್ಣು! ಅಕ್ಷರ ಬರ್ತಿದ್ದಿಲ್ಲ, ಪದ ಕಟ್ಟಾಕ ಬರ್ತಿತ್ತು. ಪದ ಕಟ್ಟಿದ್ಳು. ಜಯಂತಿ ದಿನ ನಮ್ಮ ಓಣ್ಯಾಗ ಮೈಕ್ ಹಚ್ಚೋ ಪದ್ಧತಿ. ಫಕ್ರುದ್ದೀನ್ ಅಂತಿದ್ದ, ಮೈಕ್ ಸೆಟ್ಟಿನವ. ಕಹಳಿಯಂಥಾ ಭೋಂಗಾ ಎರಡು, ವಾಲ್ವಿನ ಆಂಪ್ಲಿಫೈಯರ್ ಒಂದು, ಚಕ್ಕಡಿ ಮ್ಯಾಲ ಹೇರ್ಕೊಂಡು ಬರ್ತಿದ್ದ. ಮೈಕಿನ ದನಿ ಮೊದಲ ಹೋಗೋದು ಈ ಸಣ್ಣ ವಾಲ್ವಿನೊಳಗ, ಆಮ್ಯಾಲ ದೊಡ್ಡ ವಾಲ್ವಿಗಿ, ಆಮ್ಯಾಲ ಭೋಂಗಾಕ. ಅಂವ ನಂಗ ತೋರಿಸಿ ಹೇಳಿದ್ದ.

"ಅವತ್ತು ಊರೆಲ್ಲ ನೆರೆದಿತ್ತು. ಸಾವ್ಕಾರನೂ ಖುರ್ಚಿ ಹಾಕಿಸ್ಕೊಂಡು ಮುಂದೇ ಕುಂತಿದ್ದ, ನಾ ದೊಡ್ಡ ಮನಶ್ಯಾ ಅಂತ ತೋರಸ್ಬೇಕಲ್ಲ. ವೈನಿ ಮೈಕ್ ಹಿಡಿದು ನಿಂತ್ಳು. ಹಿಂದ ನಾ ದನಿಗೂಡಿಸ್ಲಾಕ. ಹಾಡಿದ್ಳು…

'ಹೇಳಬಾರೇ ಗಾಳಿ ನನ ರಾಯ ಎಲ್ಲಿ,
ಕೆಂಪು ಬಾಳಿಯ ಬನವ ಹೊಕ್ಕಾನ ತಾಯಿ,
ಹೊಕ್ಕವ ಹೊರಗ ಬರಲಿಲ್ಲ…'

"ಜನ ಗಪ್. ಕೂಸು ಅಳ್ಲಿಲ್ಲ, ನಾಯಿ ಬೊಗಳ್ಲಿಲ್ಲ. ಒಂದೊಂದೇ ನುಡಿ ಬಂತು. ರೊಟ್ಟಿ ಗಂಟಿಂದು ಬಂತು, ಕುಸಿದ ಮಣ್ಣಿಂದು ಬಂತು, ಸೊಲ್ಲಾಪುರದ ಸುಳ್ಳಿಂದು ಬಂತು. ಸಾವ್ಕಾರ ಖುರ್ಚಿ ಮ್ಯಾಲ ಹೊಳ್ಳಾಡ್ಲಾಕತ್ತ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಕೊಂಡಂಗ. ಕಡೀ ನುಡಿ ಉಳಿದಿತ್ತು. ಎಲ್ಲಿ ಮಲಗ್ಯಾನ ಅನ್ನೋದು. ವೈನಿ ಉಸಿರು ತಗೊಂಡ್ಳು… ಭೋಂಗಾದಾಗ ಆ ಉಸಿರು ಊರಿಗೆಲ್ಲ ಕೇಳಸ್ತು… ಸಾವ್ಕಾರ ಎದ್ದು ಬಂದು ತನ್ನ ಕೈಲಿಂದ ಮೈಕಿನ ವೈರ್ ಕಿತ್ತೊಗೆದ.

"ವೈರ್ ಕಿತ್ತ. ವಾಲ್ವ್ ಉರೀಲಾಕತ್ತೇ ಇತ್ತು. ಉಸಿರು ಒಳಗ ಹೊಕ್ಕಿತ್ತು, ಮಾತು ಹೊರಗ ಉಳೀತು. ಮಾತು ಎಲ್ಲಿಗಿ ಹೋಗ್ಬೇಕು ಹೇಳ್ರಿ? ಅವನ ಆಳುಗಳು ಹಲಗಿ ಬಡಿದು ಗದ್ದಲ ಎಬ್ಬಿಸಿ ಆಕಿನ್ನ ಎಳಕೊಂಡು ಹ್ವಾದ್ರು. ಆಕಿ ಬಾಯಿ ಆಡ್ತಿತ್ತು, ಯಾರಿಗೂ ಏನೂ ಕೇಳಸ್ಲಿಲ್ಲ. ಸಾವ್ಕಾರ ಜನರ ಕಡೆ ತಿರುಗಿ, 'ಈ ಹೆಣ್ಣಿನ ತಲಿ ಕೆಟ್ಟದ, ಈಕೀ ಗಂಡ ಸೊಲ್ಲಾಪುರಕ್ಕ ಓಡಿ…' ಅಂದ. ಅಷ್ಟೇ. ನಿಂತ. ಬಾಯಿ ತೆರೆದಿತ್ತು, ಶಬ್ದ ಇಲ್ಲ. ಅವತ್ತಿಂದ ಸಾಯೋತನಕ ಆ ಸಾವ್ಕಾರ ಒಂದು ಮಾತೂ ಮುಗಿಸ್ಲಿಲ್ಲ. ಹಾಸಿಗಿ ಹಿಡಿದಾಗ 'ನನಗ ಆ ಔಷಧ…' ಅಂತಿದ್ದನಂತ. ಬೇಕೋ ಬ್ಯಾಡೋ ಯಾರಿಗಿ ತಿಳೀಬೇಕು?"

"ಅಜ್ಜಗ ಲಕ್ವಾ ಹೊಡೆದಿತ್ತು ಅಂತ ನಮ್ಮ ಮನ್ಯಾಗ ಹೇಳ್ತಾರ್ರಿ," ವಿವೇಕಾನಂದ ಮೆಲ್ಲಗೆ ಅಂದರು.

"ಲಕ್ವಾ! ಲಕ್ವಾ ಹೊಡೆದ್ರ ಬಾಯಿ ಸೊಟ್ಟ ಆಗ್ತದ, ಕೈ ಬೀಳ್ತದ. ಕಡೀ ಶಬ್ದ ಒಂದೇ ಆರಿಸಿ ನುಂಗೋ ಲಕ್ವಾ ಎಲ್ಲರೆ ಕೇಳೀರೇನು? ನಿಮ್ಮ ಮನ್ಯಾಗ ಸೊಲ್ಲಾಪುರದ ಕತಿನೂ ಹೇಳ್ತಾರ, ಅದನ್ನೂ ನಂಬೀರಿ."

ಸರ್ಫರಾಜ್ ವಾಲ್ವಿನ ಕಡೆ ತಿರುಗಿದ. ಕಡೀ ಶಬ್ದ ಒಂದೇ. ತಾನು ಎಷ್ಟು ಸಲ ಈ ವಾಲ್ವನ್ನು ಕೂಡಿಸಿ, ಸರಿಯಾಗಿ ಅದೇ ಉಸಿರಿನ ಹತ್ತಿರ ಬಂದ್ ಮಾಡಿದ್ದೆ ಎಂದು ನೆನಪು ಮಾಡಿಕೊಂಡ. ಲೆಕ್ಕ ಸಿಗಲಿಲ್ಲ. ಈ ವಾಲ್ವಿನ ಮುಂದೆ ಉಳಿದವೆಲ್ಲ ಸಪ್ಪೆ ಎನಿಸಿ, ದಿನಾ ಅದನ್ನೇ ಹಚ್ಚಿ, ದಿನಾ ಅದನ್ನೇ ಕಡಿದಿದ್ದ.

"ನಂಗೇನು ಗೊತ್ತಿತ್ತು ಆಯಿ," ಎಂದ. "ನಾ ಬೇಕಂತ ಏನೂ…"

"ಮಾಡಿಲ್ಲ ಅಂತೀದಿ. ಹೌದು, ಮಾಡಿಲ್ಲ. ಆದ್ರ ಕಡೆದಿದ್ದು ಕಡೆದಿದ್ದೇ ಅಲ್ಲೇನು ಮಗಾ? ಫಕ್ರುದ್ದೀನ್ ಏನು ಕೆಟ್ಟವನಿದ್ದನೇನು? ವೈನಿ ಆ ಮಳಿಗಾಲದಾಗ ಜ್ವರ ಬಂದು ಸತ್ಲು. ಮತ್ತ ಆಕಿ ಕೈಗಿ ಯಾರೂ ಮೈಕ್ ಕೊಡ್ಲಿಲ್ಲ, ಆಕಿ ಮೂಲ್ಯಾಗ ಕುಂತು ಒಬ್ಬರ ಕಿವ್ಯಾಗ ಹೇಳ್ಲಿಲ್ಲ. ಜ್ವರ ತಲಿಗೇರಿದಾಗ ನಾ ಕೇಳಿದೆ, ಎಲ್ಲಿ ವೈನಿ, ಎಲ್ಲಿ ನಮ್ಮಣ್ಣ ಅಂತ. ದೊಡ್ಡ ಉಸಿರು ತಗೊಂಡ್ಳು… ಹ್ವಾದ್ಳು. ಅದಾದಮ್ಯಾಲ ಫಕ್ರುದ್ದೀನ್ ಒಮ್ಮೆ ಆಂಪ್ಲಿಫೈಯರ್ ಹಚ್ಚಿದ್ರ, ಮೈಕೇ ಇಲ್ಲ, ಭೋಂಗಾದಾಗ ಉಸಿರು ಬಂತಂತ. ಅಂವ ಪಾಪ ಹೆದರಿ ಬಂದ್ ಮಾಡ್ದ. ಅವತ್ತಿಂದ ಅವಂದೂ ಕಡೀ ಶಬ್ದ ಹೋತು. ಆ ಡಬ್ಬಿ ಮತ್ತ ಯಾರ ಲಗ್ನಕ್ಕೂ ಒಯ್ಲಿಲ್ಲ, ಯಾರಿಗೂ ಮುಟ್ಟಗೊಡ್ಲಿಲ್ಲ. ಸಾಯೋತನಕ ನನ್ನ ಕಂಡಾಗ 'ಅಕ್ಕ ಇನ್ನಾ ಅದರೊಳಗ…' ಅಂತಿದ್ದ. ಅಂವ ಹ್ವಾದಮ್ಯಾಲ ಮನೆಯವ್ರು ಗುಜರಿಗಿ ಹಾಕ್ಯಾರ, ನಿನ್ನ ಕೈಗಿ ಬಂದದ. ಒಳಗಿದ್ದಾಕಿಗಿ ಏನು ಗೊತ್ತು, ಕಡದವ್ರು ಒಳ್ಳೆಯವ್ರೋ ಕೆಟ್ಟವ್ರೋ? ಆಕಿ ಉಸಿರು ತಗೋತಾಳ, ಯಾರೋ ಬಂದ್ ಮಾಡ್ತಾರ. ಮತ್ತ ತಗೋತಾಳ, ಮತ್ತ ಬಂದ್ ಮಾಡ್ತಾರ. ಮ್ಯಾಲ ಕುಂತು 'ಎಂಥಾ ಮಧುರ' ಅಂತಾರ. ಥೂ! ನಿಮ್ಮ ಕಿವಿಗಿಷ್ಟು ಬೆಂಕಿ ಹಚ್ಚ! ಒಂದು ಹೆಣ್ಣು ಇಷ್ಟು ವರ್ಷ ಒಂದು ಮಾತು ಹೇಳಾಕ ನಿಂತಾಳ, ನಿಮಗ ಆಕಿ ಏನು ಹೇಳ್ತಾಳ ಅನ್ನೋದು ಬ್ಯಾಡ, ದನಿ ಹ್ಯಾಂಗದ ಅನ್ನೋದು ಬೇಕು!"

ನೂರಜಹಾನ್ ಮಗನ ತಲೆಯ ಮೇಲೆ ಕೈಯಿಟ್ಟು, ಹಣಮಮ್ಮನ ಕಡೆ ತಿರುಗಿದಳು. ತನಗೆ ಬರುವ ಕನ್ನಡದಲ್ಲಿ ಕೇಳಿದಳು, "ಹಾದಿ ಏನರೆ ಅದ ಏನವಾ? ಶುಕ್ರವಾರ ನಮ್ಮ ಹುಡುಗಂದು ನಿಕಾಹ್ ಅದ."

"ಹಾದಿ ಒಂದೇ ಅದವಾ. ಕಡೀಬಾರದು. ಕೇಳಬೇಕು. ಇಷ್ಟು ಸಸಾರದ್ದು, ಈ ಊರಾಗ ಒಬ್ಬರಿಗೂ ಆಗಿಲ್ಲ."

ಸರ್ಫರಾಜ್ ಹೆಡ್‌ಫೋನ್ ಹಾಕಿಕೊಂಡ. ಹಾಡು ಹಚ್ಚಿದ. ವಾಲ್ವ್ ಕೆಂಪಾಯಿತು. ಠುಮರಿಯ ಮೊದಲ ನುಡಿ ಮುಗಿದಲ್ಲಿ ಆ ಉಸಿರು ಕೇಳಿಸಿ ಹಾಡಿನಡಿ ಮುಳುಗಿತು. ಅವನ ಬೆರಳು ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಅದನ್ನು ಮುಷ್ಟಿ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟ. ಹಾಡು ಮುಂದೆ ಹೋಯಿತು. ಎಷ್ಟೋ ಸಲ ಹಚ್ಚಿದ ಆ ಠುಮರಿ ಹೇಗೆ ಮುಗಿಯುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮುಗಿಯಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲದಲ್ಲಿ ಆ ಉಸಿರು ಮತ್ತೆ ಬಂತು.

ಕಿವಿಯ ಹತ್ತಿರ ಬಾಯಿಟ್ಟು ಎಳೆದುಕೊಂಡ ಉಸಿರು. ಸರ್ಫರಾಜನಿಗೆ ಎದ್ದು ಓಡಬೇಕೆನಿಸಿತು. ಓಡಿದರೆ ಕಡಿದ ಹಾಗೆಯೇ. ಅಫ್ರೀನ್‌ಳ ಹೆಸರು ನೆನೆದು, ಅಲ್ಲಾನ ಹೆಸರು ನೆನೆದು, ಹಲ್ಲು ಕಚ್ಚಿ ಕೂತ. ದನಿ ಬಂತು. ಹಾಡಾಗಿ ಬಂತು. ಒರಟು ದನಿ, ಹೊಲದಲ್ಲಿ ಕೂಗಿ ಪಳಗಿದ ದನಿ, ಅದರಲ್ಲಿ ಮಧುರವಾದದ್ದು ಏನೂ ಇರಲಿಲ್ಲ.

ಅವನ ತುಟಿ ಅವಳ ಜೊತೆಗೇ ಆಡತೊಡಗಿದ್ದು ಎಲ್ಲರಿಗೂ ಕಂಡಿತು. ವಿವೇಕಾನಂದ ಎದ್ದು ನಿಂತರು.

"ಸಾಕಪಾ ಸರ್ಫರಾಜ್, ವಾಲ್ವ್ ಭಾಳ ಬಿಸಿ ಆಗ್ಯದ, ಸುಟ್ಟು ಹೋಗ್ತದ. ಬಂದ್ ಮಾಡು."

"ಸುಡಲಿ ಬಿಡ್ರಿ," ಪಂಚಶೀಲಾ ಅಡ್ಡ ಬಂದಳು. "ನಮ್ಮಪ್ಪ ಹುಟ್ಟಿದಾಗಿಂದ 'ಓಡಿ ಹ್ವಾದವನ ಮಗ' ಅನಿಸ್ಕೊಂಡಾನ. ಒಂದು ವಾಲ್ವ್ ಸುಟ್ರ ಏನಾತು?"

"ನಿಂಗ ತಿಳಿಯಂಗಿಲ್ಲ ತಂಗೀ, ಬಾಜೂಕ ಸರೀ," ಎಂದವರೇ ವಿವೇಕಾನಂದ ಅವಳ ಹೆಗಲ ಮೇಲಿಂದ ಕೈಚಾಚಿ ಹೆಡ್‌ಫೋನಿನ ವೈರ್ ಹಿಡಿದು ಜಗ್ಗಿದರು. ವೈರ್ ಕಿತ್ತು ಬಂತು.

ಸರ್ಫರಾಜ್ ಹೆಡ್‌ಫೋನ್ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟ. ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಅವನು ಹಣಮಮ್ಮನ ಕಡೆ ತಿರುಗಿದ.

"ಬೇವಿನ ಬುಡದಾಗ, ಮುಚ್ಚಿದ ಬಾವ್ಯಾಗ, ನನ ರಾಯ ಮಲಗ್ಯಾನ ತಾಯಿ, ರೊಟ್ಟಿ ಗಂಟ ಬಿಚ್ಚಿಲ್ಲ," ಎಂದ. "ಹಿಂಗ ಅಂದ್ಳು ಆಯಿ. ಬೇವಿನ ಬುಡದಾಗಿನ ಬಾವಿ ಅಂದ್ಳು."

ಮಾತು ಪೂರ್ತಿ ಬಂದಿತ್ತು. ಕೊನೆಯ ಶಬ್ದದವರೆಗೆ. ನೂರಜಹಾನ್ "ಯಾ ಅಲ್ಲಾ" ಎಂದು ಮಗನನ್ನು ತಬ್ಬಿದಳು. "ಬೋಲ್ ಬೇಟಾ, ಕುಬೂಲ್…" ಅಂದಳು. "ಕುಬೂಲ್ ಹೈ ಅಮ್ಮೀ, ಕುಬೂಲ್ ಹೈ," ಅಂದ ಸರ್ಫರಾಜ್, ಚಿಕ್ಕ ಹುಡುಗನ ಹಾಗೆ ಅಳುತ್ತ.

ಹಣಮಮ್ಮ ಅಳಲಿಲ್ಲ. ಅವಳು ವಿವೇಕಾನಂದರನ್ನೇ ನೋಡುತ್ತಿದ್ದಳು. ಹಳೇ ಬೇವಿನ ಗಿಡದ ಬಾಜೂಕ ಹಾಡು ಕೇಳುವ ಖೋಲಿ. ಹೋಗದ ಗುಂಯ್ ಎನ್ನುವ ಆವಾಜ. ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಭೂಮಿಯಿಂದಾನೇ ಬರ್ತದ ಅಂದ್ರಲ್ಲ ಸಾವ್ಕಾರ," ಎಂದಳು. "ಸಲಾಕಿ ಎಲ್ಲಿ ಹೂಳಿಸಿದ್ರಿ? ನಮ್ಮ ಅಣ್ಣನ ಎದ್ಯಾಗ ಹೂಳಿಸಿದ್ರೇನು?"

"ಏನೇನರೆ ಅನಬ್ಯಾಡ್ರಿ," ವಿವೇಕಾನಂದರ ಮುಖ ಕೆಂಪಗಾಗಿತ್ತು. "ಅಲ್ಲಿ ಬಾವಿ ಗೀವಿ ಎಂದೂ… ನಮ್ಮ ಅಜ್ಜ ಯಾರಿಗೂ ಅನ್ಯಾಯ…"

ನಿಂತರು. ಬಾಯಿ ತೆರೆದಿತ್ತು. ಕೈಯಲ್ಲಿ ಇನ್ನೂ ಕಿತ್ತ ವೈರಿನ ತುದಿ ಇತ್ತು. ಅವರು ಅದನ್ನೊಮ್ಮೆ ನೋಡಿಕೊಂಡು ಹಾವು ಬಿಸಾಕಿದ ಹಾಗೆ ಬಿಸಾಕಿ, ಕೊಡೆಯನ್ನೂ ತೆಗೆದುಕೊಳ್ಳದೆ ಮಳೆಗೆ ಇಳಿದರು. ಓಣಿಯ ನೀರಿನಲ್ಲಿ ಡ್ರೈವರನನ್ನು ಕೂಗುವುದು ಕೇಳಿಸಿತು, ಆ ಕೂಗೂ ಅರ್ಧಕ್ಕೇ ನಿಂತಿತು.

ಪಂಚಶೀಲಾ ಫೋನ್ ತೆಗೆದು ಕಮಲಾಪುರಕ್ಕೆ ತಂದೆಗೆ ಹಚ್ಚಿದಳು. "ಅಪ್ಪಾ, ಅಜ್ಜ ಓಡಿ ಹೋಗಿಲ್ಲ," ಎಂದಳು. ಗೋಡೆಗೆ ಹಣೆ ಹಚ್ಚಿ ನಿಂತಳು. ಆಮೇಲೆ, ನಾಳೆ ಮುಂಜಾನೆ ಓಣಿಯವರನ್ನೆಲ್ಲ ಕೂಡಿಸು, ಪೊಲೀಸರನ್ನು ಕರೆದುಕೊಂಡೇ ತೋಟಕ್ಕೆ ಹೋಗೋಣ ಎಂದು ಬಿಡಿಸಿ ಹೇಳಿದಳು.

ಸರ್ಫರಾಜ್ ಕಣ್ಣೊರೆಸಿಕೊಂಡು ಹಣಮಮ್ಮನ ಹತ್ತಿರ ಬಂದು ಕೂತ. "ಆಯಿ, ಒಂದು ಮಾತು. ಬಾವಿ ಹೇಳಿದಮ್ಯಾಲ ಆಕಿ ಮತ್ತ ಉಸಿರು ತಗೊಂಡ್ಳು. ಇನ್ನಾ ಒಂದು ನುಡಿ ಇತ್ತು ಅನಸ್ತದ. ಅಷ್ಟರಾಗ ಅವರು ವೈರ್ ಕಿತ್ತರು."

ಮುದುಕಿ ಮೇಜಿನ ಮೇಲಿನ ಹೆಡ್‌ಫೋನ್ ಕಡೆ ನೋಡಿದಳು.

"ಇನ್ನಾ ಒಂದು ನುಡಿ…" ಎಂದಳು. "ಇರಬೇಕು. ಬಾವ್ಯಾಗ ನಮ್ಮ ಅಣ್ಣ ಒಬ್ಬನೇ ಇಳಿದಿದ್ದಿಲ್ಲ. ತೆಲಂಗಾಣದ ಆಳು ಊರು ಬಿಟ್ರು ಅಂತ ನಾವೂ ಅಂದ್ವಿ. ನಮಗ ಹಂಗಂತ ಹೇಳಿದವ್ರು ಯಾರು? ಅದೇ ಸಾವ್ಕಾರ. ಅವ್ರು ಹೋಗೋದನ್ನ ಕಣ್ಣಿಲೆ ಕಂಡವ್ರು ಒಬ್ಬರರೆ ಇದ್ರೇನು?"

ಮೇಜಿನ ಮೇಲೆ ವಾಲ್ವ್ ಕೆಂಪಗೆ ಉರಿಯುತ್ತಲೇ ಇತ್ತು. ಹೆಡ್‌ಫೋನ್ ಪಕ್ಕಕ್ಕೆ ಬಿದ್ದಿತ್ತು, ಅದರ ವೈರ್ ಯಾವುದಕ್ಕೂ ಸಿಕ್ಕಿರದೆ ನೆಲದವರೆಗೆ ಜೋತಿತ್ತು. ಆ ಹೆಡ್‌ಫೋನಿನೊಳಗಿಂದ ಯಾರೋ ಉಸಿರು ಎಳೆದುಕೊಂಡದ್ದು ಈ ಸಲ ನಾಲ್ವರಿಗೂ ಕೇಳಿಸಿತು.

ನೂರಜಹಾನ್ ಹೌಹಾರಿ ಮಗನ ತೋಳು ಹಿಡಿದು, ಬಂದ್ ಮಾಡು ಎಂದು ಸನ್ನೆ ಮಾಡಿದಳು.

ಹಣಮಮ್ಮ ಚಾಪೆಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಕೇಳಲು ಕೂತಳು.

"ಬಂದ್ ಮಾಡೋವ್ರು ಮಾಡ್ರಿ," ಎಂದಳು. "ಅದಕ್ಕ ಮೊದಲ, ನಿಮ್ಮದು ಏನೇನು ಹೇಳೋದದ, ಅದನ್ನ ಹೇಳಿ ಮುಗಿಸ್ಕೋರಿ."